ಸಾಯದ ಮೊಲ

"ಬಿದ್ದರೂ ಸಾಯ್ತಿಲ್ಲ ಕಣೋ ಈ ಮೊಲ! ಏನೋ ಕೆಟ್ಟಿದೆ, ಬಂದು ನೋಡು," ಎಂದು ಅಕ್ಕ ಕೋಣೆಯಿಂದಲೇ ಕೂಗಿದಾಗ ತಮ್ಮ ಕೈಗಂಟಿದ ಗ್ರೀಸ್ ತೊಳೆಯುತ್ತಿದ್ದ. ನಲ್ಲಿ ನಿಲ್ಲಿಸುವುದನ್ನೂ ಮರೆತು ಹಾಗೇ ನಿಂತುಬಿಟ್ಟ. ಏನು ಕೆಟ್ಟಿದೆ ಎಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಕೆಡಿಸಿದವನೇ ಅವನು.

ಚಿಕ್ಕಂದಿನಲ್ಲಿ ಇಬ್ಬರೂ ಟಿವಿಗೆ ಸಿಕ್ಕಿಸಿಕೊಂಡು ಆಡುತ್ತಿದ್ದ ಆಟ ಅದು. ಓಡುವ ಮೊಲ, ದಾರಿಯಲ್ಲಿ ಗುಂಡಿಗಳು, ಮೂರು ಜೀವ, ಅಷ್ಟೇ. ಆ ಆಟದ ಪೆಟ್ಟಿಗೆ ಯಾವಾಗಲೋ ಗುಜರಿ ಸೇರಿತ್ತು. ಹಗಲೆಲ್ಲ ಲಿಫ್ಟ್ ರಿಪೇರಿ ಮಾಡುವ ತಮ್ಮ, ಅಂಗೈಯಗಲದ ಹೊಸ ಯಂತ್ರದಲ್ಲಿ ಆ ಹಳೆಯ ಆಟ ಓಡುವಂತೆ ಮನೆಯಲ್ಲೇ ಕೂತು ಒಂದು ಸಾಫ್ಟ್‌ವೇರ್ ಬರೆದ. ಕಣ್ಣು ಪೂರ್ತಿ ಹೋದ ಮೇಲೆ ಟೀಚರ್ ಕೆಲಸಕ್ಕೂ ಹೋಗದೆ ಮನೆಯಲ್ಲೇ ಮಂಕಾಗಿ ಕೂತಿದ್ದ ಅಕ್ಕನಿಗೆ ಹೊತ್ತು ಹೋಗಲಿ ಎಂಬುದು ಅವನ ಆಸೆ. ಗುಂಡಿ ಹತ್ತಿರ ಬಂದರೆ ಮೊಲದ ಹೆಜ್ಜೆ ಸದ್ದು ಪೊಳ್ಳಾಗುತ್ತದೆ. ಕಿವಿ ಇದ್ದವರು ಹಾರಬಹುದು. ಆದರೆ ಮೊದಮೊದಲು ಸದ್ದು ಚೂರು ತಡವಾಗಿ ಬರುತ್ತಿತ್ತು. ಕೇಳುವಷ್ಟರಲ್ಲಿ ಮೊಲ ಗುಂಡಿಯೊಳಗೆ! ವೈರಿಲ್ಲದ ಇಯರ್‌ಫೋನ್ ಬಿಸಾಕಿ ವೈರಿನದು ಹಾಕಿದ, ಬರೆದದ್ದನ್ನೆಲ್ಲ ಮತ್ತೆ ಮತ್ತೆ ತಿದ್ದಿದ, ಅವನಿಗೆ ಸಾಕುಸಾಕಾಗಿ ಹೋಯಿತು. ಕೊನೆಗೆ ಸದ್ದೇನೋ ಸರಿಹೋಯಿತು. ಮೊಲ ಮಾತ್ರ ಬೀಳುತ್ತಲೇ ಇತ್ತು.

ಬಿದ್ದಾಗಲೆಲ್ಲ ಅಕ್ಕನ ಮುಖ ಸಣ್ಣದಾಗುವುದನ್ನು ನೋಡಲಾರದೆ, ಮೊನ್ನೆ ಅವಳಿಗೆ ಹೇಳದೆ, ಜೀವ ಕಳೆಯದ ಹಾಗೆ ಮಾಡಿಬಿಟ್ಟಿದ್ದ. ಈಗ ಮೊಲ ಗುಂಡಿಗೆ ಬಿದ್ದರೂ ಆಚೆ ದಡದಲ್ಲಿ ಎದ್ದು ಓಡುತ್ತದೆ. ಜೀವ ಹೋಗದಿದ್ದರೆ ಜೀವ ಹೋದಾಗ ಬರುವ ಆ ಅಳುಮುಂಜಿ ರಾಗವೂ ಬಾರದು ಎಂಬುದು ಮಾತ್ರ ಆ ಮಹಾಶಯನ ತಲೆಗೆ ಹೊಳೆದಿರಲಿಲ್ಲ.

"ನಿನ್ನೆ ಮೂರನೇ ಸುತ್ತಿನ ಕೊನೆವರೆಗೂ ಹೋಗಿದ್ದೆ ಕಣೋ," ಅಕ್ಕ ಕುರ್ಚಿಯ ತುದಿಯಲ್ಲಿ ಕೂತು ಒಂದೇ ಸಮನೆ ಕಾಲು ಅಲ್ಲಾಡಿಸುತ್ತಿದ್ದಳು. "ಆದ್ರೆ ಇವತ್ತು ನಡುವೆ ಬಿದ್ದ ಹಾಗೂ ಅನ್ಸುತ್ತೆ, ರಾಗ ಬರಲ್ಲ. ಬಿದ್ದೆನೋ ಹಾರಿದೆನೋ ಒಂದೂ ತಿಳೀತಿಲ್ಲ. ಬೇಗ ಸರಿಮಾಡು. ಇವತ್ತು ಮೂರನೇ ಸುತ್ತು ದಾಟಿದ್ರೆ ಹೆಡ್‌ಮಿಸ್‌ಗೆ ಫೋನ್ ಮಾಡ್ತೀನಿ. ಸೋಮವಾರದಿಂದ ಪಾಠ ಮಾಡೋಕೆ ಬರ್ತೀನಿ, ಯಾರೂ ಕರ್ಕೊಂಡು ಬರೋದು ಬೇಡ, ಒಬ್ಬಳೇ ಬರ್ತೀನಿ ಅಂತ."

"ಆಟಕ್ಕೂ ಸ್ಕೂಲಿಗೂ ಏನಕ್ಕಾ ಸಂಬಂಧ?"

"ನನ್ನ ಕಿವೀನ ನಂಬಬಹುದಾ ಅಂತ ನೋಡ್ಕೋಬೇಕಲ್ಲ. ರಸ್ತೆಗಿಳಿದು ನೋಡ್ಕೊಳ್ಳೋದಕ್ಕಿಂತ ಇದು ವಾಸಿ."

ಶಾಲೆಗೆ ಹೋಗಲು ಎರಡು ರಸ್ತೆ ದಾಟಬೇಕು. ಪೈಪು ಹಾಕಲು ಅಗೆದ ಫುಟ್‌ಪಾತನ್ನು ಇನ್ನೂ ಮುಚ್ಚಿಲ್ಲ. ಅವನು ಅವಳ ಕೈಯಿಂದ ಯಂತ್ರ ತೆಗೆದುಕೊಂಡು, ಗಡಿಬಿಡಿಯಲ್ಲಿ ತನ್ನ ಕಿತಾಪತಿಯನ್ನು ಅಳಿಸಿ, "ಒಳಗಿನ ಮೆಮೊರಿ ಕಾರ್ಡ್ ಸಡಿಲ ಆಗಿತ್ತು ಅಷ್ಟೇ," ಎಂದು ಬಾಯಿಗೆ ಬಂದದ್ದು ಹೇಳಿ ವಾಪಸ್ ಕೊಟ್ಟ.

ಮೊದಲ ಸುತ್ತಿನಲ್ಲೇ ರಾಗ ಬಂತು. ಮತ್ತೆ ಬಂತು. ಮೂರನೇ ಸಲವೂ ಬಂದು ಆಟ ಮುಗಿಯಿತು. ಅಕ್ಕ ಇನ್ನೊಮ್ಮೆ ಶುರುಮಾಡಿದಳು. ಅದೇ ಹಾಡು, ಅದೇ ಪಾಡು.

"ನಿನ್ನೆ ಅಷ್ಟು ದೂರ ಹೋದವಳಿಗೆ ಇವತ್ತು ಹೊಸ್ತಿಲು ದಾಟೋಕೂ ಆಗ್ತಿಲ್ವಲ್ಲೋ. ಏನೋ ಕೆಡಿಸಿದೀಯ ನೀನು."

"ಸದ್ದು ಮತ್ತೆ ತಡ ಆಗ್ತಿರಬೇಕು," ಎಂದ ತಮ್ಮ, ನುಸುಳಲು ಸಂದಿ ಹುಡುಕುತ್ತ.

"ಇಲ್ಲ. ಒತ್ತಿದ ಕೂಡ್ಲೇ ಬರ್ತಿದೆ."

"ಹಾಗಾದ್ರೆ ಬಟನ್ನೇ..."

"ಬಟನ್ನೂ ಸರಿಯಿದೆ. ಕಾರ್ಡು ನೀನೇ ಕೂರಿಸಿದೀಯ. ಇನ್ನು ಉಳಿದಿರೋದು ನಾವಿಬ್ರೇ. ಕೆಟ್ಟಿರೋದು ನನ್ನಲ್ಲಾ, ನಿನ್ನಲ್ಲಾ?"

ತಮ್ಮ ಕೂತ, ಎದ್ದ, ಕಿಟಕಿಯವರೆಗೆ ಹೋಗಿ ಬಂದ. ಇನ್ನೊಂದು ಸುಳ್ಳು ಹೇಳಿದರೆ ಇವತ್ತೇನೋ ಬಚಾವು. ಆದರೆ ಇವಳು ನಿನ್ನೆಯದನ್ನೇ ನಂಬಿಕೊಂಡು ಸೋಮವಾರ ರಸ್ತೆಗಿಳಿದರೆ?

"ನಿನ್ನೆ ನೀನು ಹಾರಲಿಲ್ಲಕ್ಕಾ. ಬಿದ್ದೆ. ತುಂಬಾ ಸಲ ಬಿದ್ದೆ. ಸಾಯದ ಹಾಗೆ ನಾನೇ ಮಾಡಿದ್ದೆ."

ಅಕ್ಕನ ಕಾಲು ಅಲ್ಲಾಡುವುದು ನಿಂತಿತು. ಅಳುತ್ತಾಳೆ ಅಂದುಕೊಂಡ. ಅವಳಿಗೆ ಬಂದದ್ದು ಸಿಟ್ಟು, ಮೈಯೆಲ್ಲ ಉರಿಯುವಂಥ ಸಿಟ್ಟು.

"ನೀನೂ ಅವರ ಜೊತೆ ಸೇರ್ಕೊಂಡ್ಯಾ? ನಾನು ಚೆಲ್ಲಿದ ನೀರನ್ನ ಅಮ್ಮ ಸದ್ದಿಲ್ಲದೆ ಒರೆಸ್ತಾಳೆ. ಅಪ್ಪ ಸುಮ್ನೆ ಕೆಮ್ಮಿದ ಹಾಗೆ ಮಾಡಿ ನನ್ನ ದಾರೀಲಿರೋ ಕುರ್ಚಿ ಸರಿಸ್ತಾರೆ. ನನಗೇನು ಗೊತ್ತಾಗಲ್ಲ ಅಂದ್ಕೊಂಡ್ರಾ? ಈ ಆಟದಲ್ಲಾದ್ರೂ ನಾನೇ ಗೆದ್ದೆ ಅಂತ ರಾತ್ರಿಯೆಲ್ಲ ಹಿಗ್ತಾ ಇದ್ದೆನಲ್ಲೋ, ಪೆದ್ದಿ ಹಾಗೆ!"

"ತಪ್ಪಾಯ್ತಕ್ಕಾ." ತಮ್ಮ ಅವಳ ಕೈ ಹಿಡಿದುಕೊಂಡ. "ಸೋಮವಾರ ನಾನೇ ಬಿಟ್ಟು ಬರ್ತೀನಿ. ಬೇಕಾದ್ರೆ ದಿನಾ ಬಿಟ್ಟು ಬರ್ತೀನಿ."

"ಮೊದ್ಲು ಕೈ ಬಿಡು," ಎಂದು ಕೊಡವಿಕೊಂಡವಳು ಯಂತ್ರವನ್ನು ಹಾಸಿಗೆಯ ಮೇಲೆ ಎಸೆದಳು. ಗೋಡೆ ತಡಕುತ್ತ ಹೋಗಿ ಬಾಗಿಲ ಹಿಂದಿನ ಬಿಳಿ ಕೋಲನ್ನು ಕೈಗೆತ್ತಿಕೊಂಡಳು.

"ನಡಿ, ಸ್ಕೂಲಿನವರೆಗೆ ಹೋಗಿ ಬರೋಣ. ನಾನು ಮುಂದೆ, ನೀನು ಹಿಂದೆ. ಗಾಡಿ ಬಂದ್ರೆ ಕೂಗು, ಅದಕ್ಕೆ ಬೇಡ ಅನ್ನಲ್ಲ. ಆದ್ರೆ ಎಡವಿ ಬಿದ್ರೆ ಓಡಿ ಬಂದು ಎತ್ತಬೇಡ. ಎಲ್ಲಿ ಬಿದ್ದೆ ಅಂತ ಹೇಳು, ಸಾಕು."