ಎರಡು ಮಾನಿಟರ್

ಶಾಂಭವಿ ಕೆಲಸಕ್ಕೆ ಸೇರಿದ ದಿನವೇ ಸೂಪರಿಂಟೆಂಡೆಂಟ್ ಅವಳ ಮೇಜಿನ ಮಾನಿಟರನ್ನು ಎತ್ತಿಕೊಂಡು ಹೋಗಿ, ತನ್ನ ಮೇಜಿನ ಮೇಲೆ ಎರಡನೆಯದಾಗಿ ಇಟ್ಟುಕೊಂಡಿದ್ದ. "ಕಣ್ಣು ಕಾಣಲ್ಲ, ನಿನಗೆ ಇದ್ಯಾಕಮ್ಮ?" ಅಂದಿದ್ದ. ಇಡೀ ಶಾಖೆ ಕಿಸಕ್ಕನೆ ನಕ್ಕಿತ್ತು. ಅವಳು ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಂಪ್ಯೂಟರ್ ಓದಿ ಹೇಳಿದ್ದನ್ನು ಕೇಳುತ್ತ, ಮೌಸ್ ಮುಟ್ಟದೆ ಬರೀ ಕೀಬೋರ್ಡಿನಲ್ಲೇ ಆರು ವರ್ಷ ದುಡಿದಳು. ಆ ಮಾತನ್ನು ಮಾತ್ರ ಮರೆಯಲಿಲ್ಲ.

ಈ ಸೋಮವಾರ ಶಾಖೆಯ ಕಂಪ್ಯೂಟರುಗಳೆಲ್ಲ ಅಪ್‌ಡೇಟ್ ಆಗಿ ಹೊಸ ವೇಷ ತೊಟ್ಟು ಕೂತಿದ್ದವು.

"ಅಯ್ಯೋ, ಮೂಲೆಯಲ್ಲಿದ್ದ ಬಟನ್ ಎಲ್ಲಿ ಹೋಯ್ತು?"

"ಇದನ್ನ ಮಾಡಿದೋನ ಮನೆ ಹಾಳಾಗ!"

ಬೆಳಗ್ಗೆಯಿಂದ ಅದೇ ಗೋಳು. ಶಾಂಭವಿಯ ಕೀಬೋರ್ಡ್ ಮಾತ್ರ ಎಂದಿನಂತೆ ಟಕಟಕ ಅನ್ನುತ್ತಿತ್ತು. ಬದಲಾಗಿದ್ದು ಬರೀ ನೋಟ. ಅವಳ ಬೆರಳಿಗೆ ಗೊತ್ತಿದ್ದ ಕೀಲಿಗಳೆಲ್ಲ ಹಳೆಯ ಕೆಲಸವನ್ನೇ ಮಾಡುತ್ತಿದ್ದವು.

ಹನ್ನೆರಡಕ್ಕೆ ಜಿಲ್ಲಾಧಿಕಾರಿಗಳ ಸಭೆ. ಹತ್ತು ನಿಮಿಷ ಇರುವಾಗ ಸೂಪರಿಂಟೆಂಡೆಂಟನ ಬೂಟಿನ ಸದ್ದು ಅವಳ ಮೇಜಿನ ಹತ್ತಿರ ಬಂದು ನಿಂತಿತು.

"ಶಾಂಭವಿಯವರೇ," ಅಂದ. ಆರು ವರ್ಷದಲ್ಲಿ ಮೊದಲ ಸಲ ಹೆಸರು ಹಿಡಿದು ಕರೆದಿದ್ದ. "ಸಭೆಯ ವರದಿ ಎಲ್ಲಿ ಸೇರಿಕೊಂಡಿದೆಯೋ, ಪ್ರಿಂಟ್ ಎಲ್ಲಿ ಕೊಡಬೇಕೋ, ಒಂದೂ ಗೊತ್ತಾಗ್ತಿಲ್ಲ. ನೀವೇ ಮಾನ ಉಳಿಸಬೇಕು."

"ಅದಕ್ಕೇನಂತೆ ಸರ್, ಯಾವ ಕೀ ಒತ್ತಬೇಕು ಅಂತ ಒಂದೊಂದೇ ಹೇಳ್ತೀನಿ," ಎನ್ನುತ್ತ ಶಾಂಭವಿ ನಿಧಾನಕ್ಕೆ ಹೆಡ್‌ಫೋನ್ ತೆಗೆದಿಟ್ಟಳು. "ಮೊದಲು ಆ ಎರಡೂ ಮಾನಿಟರ್ ಆಫ್ ಮಾಡಿ. ನಿಮಗೆ ಅವ್ಯಾಕೆ?"