ಕೈ ಹಿಡಿದು ಕೂಡುವವರು

ಸೊಸೆ ಮತ್ತೆ ಫೋನ್ ಹಿಡಿದು ಹಿತ್ತಲಿಗೆ ಹೋದಳು. ಸುಭದ್ರಾಬಾಯಿ ಸದ್ದಿಲ್ಲದೆ ಬಾಗಿಲ ಮರೆಗೆ ಬಂದು ಕಿವಿಗೊಟ್ಟಳು.

“ವಯಸ್ಸಾದವ್ರರಿ. ಸಕ್ಕರಿ ಕಾಯಿಲಿ ಅದ. ರಾತ್ರಿ ಎದ್ದು ಹೆದರ್ತಾರ. ಅವಾಗ ಕೈ ಹಿಡದು ಕೂಡವ್ರು ಯಾರರ ಇದ್ದಾರೇನ್ರಿ ನಿಮ್ಮಲ್ಲಿ?”

ತನ್ನನ್ನು ಎಲ್ಲೋ ಸೇರಿಸಲು ಕೇಳುತ್ತಿದ್ದಾಳೆ! ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಮಗ ಸಂಘಪಾಲ ರಸ್ತೆ ಅಪಘಾತದಲ್ಲಿ ಹೋದ ಮೇಲೆ ಭಾಲ್ಕಿಯ ಆ ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಇಬ್ಬರೇ. ಶಾಲೆಯಲ್ಲಿ ಟೀಚರಾಗಿದ್ದ ಮಹಾಮಾಯಾಳನ್ನು ತವರಿನವರು ಎಷ್ಟೋ ಸಲ ಕರೆದರು. “ಅವ್ವನ್ನ ಬಿಟ್ಟು ಬರೂದಿಲ್ಲ” ಎಂದಿದ್ದಳು. ರಾತ್ರಿ ಮುದುಕಿ ಬೆಚ್ಚಿ ಎದ್ದರೆ ಪಕ್ಕದಲ್ಲಿ ಅವಳ ಕೈ ಇರುತ್ತಿತ್ತು.

ಈಗ ಆ ಕೈಗೆ ಬೇಸರ ಬಂದಿದೆ. ಮತ್ತೇನು? ವಾರ ವಾರವೂ ಬೀದರಿಗೆ ಓಡುತ್ತಾಳೆ. ಕೇಳಿದರೆ ಶಾಲೆಯ ಕೆಲಸವಂತೆ. ಬಂದವಳೇ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಜೊತೆಗೆ ಕೂತು ಉಣ್ಣುವುದಿಲ್ಲ. ಕನ್ನಡಿಯ ಮುಂದೆ ನಿಂತರೆ ಸರಿಯುವುದಿಲ್ಲ. ತಲೆಗೆ ಬಣ್ಣದ ಸ್ಕಾರ್ಫ್ ಬೇರೆ. ಇನ್ನೂ ಚಿಕ್ಕ ವಯಸ್ಸು, ಯಾರನ್ನೋ ನೋಡಿಕೊಂಡಿರಬೇಕು.

ಮಹಾಮಾಯಾ ಭಾಲ್ಕಿಯಲ್ಲಿ ವಿಚಾರಿಸಿದರೆ ಹಗಲು ಮಾತ್ರ ನೋಡಿಕೊಳ್ಳುತ್ತೇವೆ ಎಂದರು. ಔರಾದಿನಲ್ಲಿ ಜಾಗವಿಲ್ಲ ಎಂದರು. ಕೊನೆಗೆ ಬೀದರಿನ ಚಿದ್ರಿಯಲ್ಲಿ ಹಿರಿಯರ ಆರೈಕೆಯ ಮನೆಯೊಂದು ಸಿಕ್ಕಿತು.

“ಅವ್ವಾ, ಒಂದು ಸಲ ನೋಡಿ ಬರೋಣ ಬರ್ರಿ.”

ಬಸ್ಸಿನಲ್ಲಿ ಸುಭದ್ರಾಬಾಯಿ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಅಲ್ಲಿ ಮಹಾಮಾಯಾ ಒಂದನ್ನೂ ಬಿಡದೆ ನೋಡಿದಳು. ಬಚ್ಚಲಲ್ಲಿ ಹಿಡಿದುಕೊಳ್ಳಲು ಆಸರೆ ಇದೆಯೇ, ಇನ್ಸುಲಿನ್ ಕೊಡುವವರು ಯಾರು, ಹೊತ್ತಲ್ಲದ ಹೊತ್ತಿನಲ್ಲಿ ಕರೆದರೆ ಡಾಕ್ಟರ್ ಬರುತ್ತಾರೆಯೇ. ಮೆಟ್ಟಿಲು ಹತ್ತುವಾಗ ನಡುನಡುವೆ ನಿಂತಳು. ಅತ್ತೆಗಾಗಿ ನಿಂತಂತೆ ಎಂಥ ನಾಟಕ, ಎಂದುಕೊಂಡಳು ಸುಭದ್ರಾಬಾಯಿ. ಮೇಲೆ ಹೋದದ್ದೇ ಅವಳಿಗೆ ತಡೆಯಲಾಗಲಿಲ್ಲ.

“ನಾ ಭಾರ ಆದೆನೇನು ನಿನಗ? ಮತ್ತೊಂದು ಲಗ್ನ ಮಾಡ್ಕೋತಿದ್ರ ಮಾಡ್ಕೋ, ನಾ ಅಡ್ಡ ಬರೂದಿಲ್ಲ. ಹಿಂಗ ಬಿಟ್ಟು ಮಾತ್ರ ಹೋಗಬ್ಯಾಡ.”

ಮಹಾಮಾಯಾ ಸೆರಗಿನಿಂದ ಅತ್ತೆಯ ಕಣ್ಣು ಒರೆಸಿದಳು. “ಇಲ್ಲಿ ರೂಢಿ ಮಾಡ್ಕೋರಿ ಅವ್ವಾ. ನನಗ ಆಗೂತನಕ ದಿನಾ ಬರ್ತೇನಿ.”

“ಆಗೂತನಕ!” ಮುದುಕಿ ಮುಖ ತಿರುಗಿಸಿದಳು.

ಅಲ್ಲಿಯ ಮೇಲ್ವಿಚಾರಕಿ ಆಯೆಶಾ ಅರ್ಜಿ ತುಂಬಲು ಪೆನ್ನು ತೆಗೆದಳು. “ಏನರ ಹೆಚ್ಚುಕಮ್ಮಿ ಆದ್ರ ಫೋನ್ ಯಾರಿಗಿ ಮಾಡ್ಬೇಕ್ರಿ?”

“ನಮ್ಮ ತಮ್ಮ ಗೌರವಗ ಮಾಡ್ರಿ.”

ಒಂದು ಫೋನಿಗೂ ತಾನು ಬೇಡವಾದೆನೇ? ಸುಭದ್ರಾಬಾಯಿ ಗೋಡೆ ಹಿಡಿದು ಬಾಗಿಲ ಕಡೆ ನಡೆದಳು.

“ಸೊಸಿ ನೀವಿದ್ದೀರಿ. ತಮ್ಮನ ನಂಬರ್ ಯಾಕ್ರಿ?” ಆಯೆಶಾಳ ದನಿ ಗಡುಸಾಗಿತ್ತು.

“ಮೆಲ್ಲಕ ಮಾತಾಡ್ರಿ, ಅವ್ವಗ ಗೊತ್ತಿಲ್ಲ. ಕ್ಯಾನ್ಸರ್ ಎಲ್ಲಾ ಕಡಿ ಹಬ್ಬ್ಯದ. ಯುಗಾದಿ ತನಕ ನಾನೇ ಇರೂದಿಲ್ಲರಿ.”