ಪೂಜೆಗೆ ಕೂತ ಪುಸ್ತಕ

ಸ್ವಲ್ಪ ಇಲ್ಲಿ ಕೇಳಿ. ನಮ್ಮೂರ ಗ್ರಂಥಾಲಯದ ಅಧ್ಯಕ್ಷರು ಪುಸ್ತಕ ಮುಟ್ಟುವುದೇ ವರ್ಷಕ್ಕೊಮ್ಮೆ, ಸರಸ್ವತಿ ಪೂಜೆಗೆ, ಅದೂ ಕುಂಕುಮ ಹಚ್ಚಲು. ಬೆಳಗಾದರೆ ನನಗೆ ಊರಿನ ಕಥೆ ಹೇಳುವ ಸ್ಪರ್ಧೆ. ಅದಕ್ಕೆ ಬೇಕಾದ, ಊರಿನ ಹಳೇ ಕಥೆಗಳಿರುವ ಒಂದೇ ಒಂದು ಪುಸ್ತಕ ಪೂಜೆಗೆ ಕೂತಿತ್ತು.

“ಸಾರ್, ಅರ್ಧ ಗಂಟೆ ಕೊಡಿ, ಇಲ್ಲೇ ಓದ್ತೀನಿ.”

“ಥೂ! ಪೂಜೆಗಿಟ್ಟ ಪುಸ್ತಕ ಓದಿದ್ರೆ ಕಣ್ಣು ಹೋಗುತ್ತೆ ಕಣಮ್ಮ. ಹಿಂದೆ ಈ ಊರಿನ ಶಾನುಭೋಗನಿಗೇ ಹೋಗಿತ್ತು.”

“ಯಾರು ಸಾರ್ ಹೇಳಿದ್ದು?”

“ನನ್ನನ್ನೇ ಪ್ರಶ್ನೆ ಮಾಡ್ತೀಯಾ? ಇದ್ರಲ್ಲೇ ಬರೆದಿದೆ, ಕೇಳು!”

ಹೂವು ಸರಿಸಿ ಅದೇ ಪುಸ್ತಕವನ್ನು ಎಳೆದರು, ಕನ್ನಡಕ ಏರಿಸಿದರು, ಇಡೀ ಕಥೆಯನ್ನು ಗಟ್ಟಿಯಾಗಿ ಓದತೊಡಗಿದರು.

ನಾನು ಪೆನ್ನು ತೆಗೆದು, “ಸ್ವಲ್ಪ ನಿಧಾನ ಸಾರ್, ಬರ್ಕೋತೀನಿ” ಅಂದೆ; ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?